ವಿಜ್ಞಾನದ ಕಾರ್ಯಕ್ರಮವೋ, ಡಾಕ್ಟರ ಚೀಟಿಯೋ?

ರೇಡಿಯೊದಲ್ಲಿ ಮಿದುಳು, ದೇಹ, ಪ್ರಾಣಿಗಳ ವಿಚಾರ ಕೇಳುತ್ತೇನೆ ಎಂದರೆ ‘ಒಳ್ಳೆಯ ಅಭ್ಯಾಸ, ಜ್ಞಾನ ಬೆಳೆಯುತ್ತದೆ’ ಅನ್ನುತ್ತಾರೆ. ಜ್ಞಾನ ಬೆಳೆಯಲಿ ಅಂತ ಯಾರು ಕೇಳುತ್ತಾರೆ ಸ್ವಾಮಿ? ಖುಷಿಯಾಗುತ್ತದೆ, ಕೇಳುತ್ತೇವೆ. ಆಕ್ಟೋಪಸ್‌ಗೆ ಮೂರು ಹೃದಯ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಹೆಚ್ಚಿನವು ಇರುವುದು ತೋಳುಗಳಲ್ಲಿ. ಇದನ್ನು ತಿಳಿದರೆ ಯಾರ ಶುಗರ್ರೂ ಇಳಿಯುವುದಿಲ್ಲ.

ನಮ್ಮ ಕನ್ನಡ ರೇಡಿಯೊ ಇಳಿಸಲೇಬೇಕು ಎಂದು ಹಟ ಹಿಡಿದಿದೆ. ದೇಹವೆಂದರೆ ಬಿಪಿ, ಮಿದುಳೆಂದರೆ ಪರೀಕ್ಷೆಯ ಒತ್ತಡ, ಪ್ರಾಣಿಯೆಂದರೆ ಹಸುವಿನ ಕೆಚ್ಚಲುಬಾವು. ಇವು ಬೇಡವೆಂದಲ್ಲ, ಬೇಕೇಬೇಕು. ಆದರೆ ಇಷ್ಟೇ ಆದರೆ ಕೇಳುಗ ಸದಾ ರೋಗಿ, ಇಲ್ಲವೇ ವಿದ್ಯಾರ್ಥಿ.

2003ರಲ್ಲಿ ವಿ. ಎಸ್. ರಾಮಚಂದ್ರನ್ ಬಿಬಿಸಿಯ ರೀತ್ ಉಪನ್ಯಾಸಗಳಲ್ಲಿ ಮಿದುಳಿನ ಬಗ್ಗೆ ಮಾತಾಡಿದರು. ಕತ್ತರಿಸಿ ಹೋದ ಕೈ ಇನ್ನೂ ನೋಯುತ್ತದೆ ಎನ್ನುವವರ ಮುಂದೆ ಕನ್ನಡಿಯಿಟ್ಟು, ಇರುವ ಕೈಯ ಬಿಂಬವನ್ನು ಇಲ್ಲದ ಕೈಯ ಜಾಗದಲ್ಲಿ ತೋರಿಸಿದವರು ಅವರು. ಕೆಲವರಿಗೆ ನೋವು ತಗ್ಗಿತು. ಇಂಥ ಸಂಗತಿಗೆ ರೇಡಿಯೊಗಿಂತ ಒಳ್ಳೆಯ ಜಾಗ ಯಾವುದು? ಅಲ್ಲಿ ಕೈಯೂ ಕಾಣದು, ಕನ್ನಡಿಯೂ ಕಾಣದು. ಎರಡನ್ನೂ ನಮ್ಮ ತಲೆಯೇ ಮಾಡಿಕೊಳ್ಳಬೇಕು.

ರಂಜನೆ ಬಂದರೆ ವಿಜ್ಞಾನ ಹಗುರಾಗುತ್ತದೆ ಎಂಬ ಗೊಣಗು ಇದ್ದೇ ಇದೆ. ಅವರಿಗೆ ಸತ್ತ ಸಾಲ್ಮನ್ ಮೀನಿನ ಕಥೆ ಹೇಳಬೇಕು. 2009ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಎಂಆರ್‌ಐ ಯಂತ್ರದೊಳಗಿಟ್ಟು ಮನುಷ್ಯರ ಫೋಟೊ ತೋರಿಸಿದರು, ಇವರ ಭಾವನೆ ಏನು ಎಂದೂ ಕೇಳಿದರು. ಲೆಕ್ಕದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ಬಿಟ್ಟಾಗ, ಸತ್ತ ಮೀನಿನ ಮಿದುಳೂ ‘ಕೆಲಸ ಮಾಡಿತು’! ಪ್ರೀತಿ ಇಲ್ಲಿದೆ, ಭಯ ಅಲ್ಲಿದೆ ಎಂದು ಬಣ್ಣದ ಚುಕ್ಕೆ ತೋರಿಸುವವರನ್ನು ಅನುಮಾನಿಸಲು ಇದಕ್ಕಿಂತ ಗಂಭೀರ ಪಾಠ ನನಗಂತೂ ಗೊತ್ತಿಲ್ಲ. ಕೇಳಿದವರು ನಕ್ಕೇ ಕಲಿಯುತ್ತಾರೆ.

ಕನ್ನಡದಲ್ಲಿ ಪದಗಳಿಲ್ಲ ಎಂಬ ನೆಪವೂ ಬೇಡ. ಸಸ್ಯಶಾಸ್ತ್ರವನ್ನು ಹರಟೆಯ ಧಾಟಿಯಲ್ಲಿ ಬರೆದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಮ್ಮಲ್ಲೇ ಇದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ನಿಲಯ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿಯವರಾದರೂ ಯಾರು? ಮನಃಶಾಸ್ತ್ರದ ಪ್ರಾಧ್ಯಾಪಕರು! ಮನಸ್ಸನ್ನು ಓದಿದವರೊಬ್ಬರು ಹುಟ್ಟುಹಾಕಿದ ಮಾಧ್ಯಮದಲ್ಲಿ ಇಂದು ಮನಸ್ಸಿನ ಬಗ್ಗೆ ಸಿಗುವುದು ಹೆಚ್ಚಾಗಿ ಬುದ್ಧಿವಾದ.

ಸಲಹೆಯ ಹೊತ್ತಿನಿಂದ ವಾರಕ್ಕೆ ಹತ್ತೇ ನಿಮಿಷ ಕಿತ್ತುಕೊಡಿ. ಬಾವಲಿಯನ್ನೋ ಇರುವೆಯನ್ನೋ ಅಧ್ಯಯನ ಮಾಡುವವರನ್ನು ಕೂರಿಸಿ, ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ. ‘ಇದರಿಂದ ಕೇಳುಗರಿಗೇನು ಪ್ರಯೋಜನ?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ.