ಸಿಲಿಂಡರ್ ಇದೆ, ಕೈಗೆ ಸಿಗುವುದಿಲ್ಲ

ಸರಕು ಸಾಗಿಸುವ ಪಿಕಪ್ ಗಾಡಿಗಳಲ್ಲಿ ಅಗ್ನಿನಂದಕ ಇರುವುದೇ ಇಲ್ಲ ಎಂಬ ದೂರು ಪೂರ್ತಿ ಸರಿಯಲ್ಲ. ಬಹಳಷ್ಟು ಗಾಡಿಗಳಲ್ಲಿ ಇರುತ್ತದೆ. ಸೀಟಿನ ಹಿಂದೆ, ಜಾಕು, ಹಗ್ಗ, ಟಾರ್ಪಾಲುಗಳ ಅಡಿಯಲ್ಲಿ, ಕೊಂಡಾಗ ಸುತ್ತಿದ್ದ ಪ್ಲಾಸ್ಟಿಕ್ ಸಮೇತ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನ ಹೊರಗೆ ತೆಗೆದು, ದೂಳು ಒರೆಸಿ ಮುಂದಿಟ್ಟರೆ ಮುಗಿಯಿತು. ಮರುದಿನ ಅದು ಮತ್ತೆ ಟಾರ್ಪಾಲಿನ ಅಡಿಗೆ. ಇದೆಯೇ ಎಂದು ನೋಡುವವರಿದ್ದಾರೆ. ಎಷ್ಟು ಹೊತ್ತಿಗೆ ಕೈಗೆ ಬರುತ್ತದೆ ಎಂದು ನೋಡುವವರಿಲ್ಲ.

ಒಂದು ಕೆ.ಜಿ. ಪುಡಿ ತುಂಬಿದ ಸಿಲಿಂಡರ್ ಖಾಲಿಯಾಗಲು ಬೇಕಾಗುವುದು ಹತ್ತು ಸೆಕೆಂಡಿನ ಆಸುಪಾಸು. ಎರಡು ಕೆ.ಜಿ.ಯದ್ದು ತಂದರೂ ಲೆಕ್ಕ ಹೆಚ್ಚೇನೂ ಬದಲಾಗದು. ಅಷ್ಟರಲ್ಲಿ ಆರುವುದು ಆಗಷ್ಟೇ ಹತ್ತಿಕೊಂಡ ಬೆಂಕಿ ಮಾತ್ರ: ಬ್ಯಾಟರಿ ಟರ್ಮಿನಲ್ ಬಳಿ ಹೊಗೆಯಾಡುವ ವೈರು, ಡೀಸೆಲ್ ಜಿನುಗುವ ಪೈಪಿನ ಪಕ್ಕದ ಜ್ವಾಲೆ, ಬಿಗಿದುಕೊಂಡ ಬ್ರೇಕಿನಿಂದ ಕಾದು ಹತ್ತಿದ ಟೈರು. ಎರಡು ಮೂರು ನಿಮಿಷ ಕಳೆದು ಸೀಟಿನ ಫೋಮು ಹತ್ತಿಕೊಂಡ ಮೇಲೆ ಇಂಥ ನಾಲ್ಕು ಸಿಲಿಂಡರ್ ಸುರಿದರೂ ವ್ಯರ್ಥ. ಹಾಗಾಗಿ ಪಿಕಪ್‌ಗೆ ಎಷ್ಟು ದೊಡ್ಡ ಸಿಲಿಂಡರ್ ಬೇಕು ಎನ್ನುವುದಕ್ಕಿಂತ ಅದನ್ನು ಎಲ್ಲಿ ಬಿಗಿಯಬೇಕು ಎನ್ನುವುದೇ ಮುಖ್ಯ. ನಮ್ಮ ಮಾರುಕಟ್ಟೆಯೂ ನಿಯಮಗಳೂ ತಲೆ ಕೆಡಿಸಿಕೊಂಡಿರುವುದು ಮೊದಲನೆಯದರ ಬಗ್ಗೆ.

ವಾಹನದ ಬೆಂಕಿ ಎಂದರೆ ನಮಗೆ ನೆನಪಾಗುವುದು ಬಸ್ಸು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಉರಿದು 45 ಮಂದಿ ಸತ್ತರು. 2025ರ ಅಕ್ಟೋಬರಿನಲ್ಲಿ ಕರ್ನೂಲಿನ ಹತ್ತಿರ ಅದೇ ಹೆದ್ದಾರಿಯಲ್ಲಿ ಮತ್ತೊಂದು ಬಸ್ಸು ಸುಟ್ಟಿತು. ಬಸ್ಸಿನ ಎಂಜಿನ್ ಗೂಡಿನಲ್ಲಿ ಬೆಂಕಿ ಪತ್ತೆ ಹಚ್ಚಿ ತಾನೇ ಆರಿಸುವ ವ್ಯವಸ್ಥೆಗೆ ಎಐಎಸ್-135 ಎಂಬ ಮಾನದಂಡವಿದೆ. ದೂರ ಪ್ರಯಾಣದ ಬಸ್ಸು ಮತ್ತು ಶಾಲಾ ಬಸ್ಸುಗಳಲ್ಲಿ ಪ್ರಯಾಣಿಕರು ಕೂರುವ ಜಾಗಕ್ಕೂ ಅದನ್ನು ವಿಸ್ತರಿಸುವ ಅಧಿಸೂಚನೆ 2022ರ ಜನವರಿಯಲ್ಲಿ ಹೊರಬಿತ್ತು. ಒಳ್ಳೆಯದೇ. ಆದರೆ ತರಕಾರಿ, ಗ್ಯಾಸ್ ಸಿಲಿಂಡರ್, ಪೇಂಟು, ಹತ್ತಿ, ಶಾಮಿಯಾನ ಏನು ಬೇಕಾದರೂ ಹೊರುವ ಪಿಕಪ್ ಈ ವ್ಯವಸ್ಥೆಯ ಹೊರಗಿದೆ. ಅಲ್ಲಿ ಎಲ್ಲವೂ ಚಾಲಕನ ತಲೆಗೆ, ಕೈಗೆ ಬಿಟ್ಟದ್ದು.

ಈಗ ಜಾಗದ ಮಾತು. ‘ಸೀಟಿನ ಕೆಳಗೆ ಇಡಿ’ ಎನ್ನುವುದು ಕಾರಿನವರಿಂದ ಬಂದ ಸಲಹೆ. ಕಾರಿಗೂ ಬೊಲೆರೊ ಪಿಕಪ್‌ಗೂ ಅದು ಹೇಗೋ ನಡೆಯುತ್ತದೆ, ಅವುಗಳ ಎಂಜಿನ್ ಮುಂದೆ ಬಾನೆಟ್ಟಿನಡಿ ಇರುತ್ತದೆ. 2005ರಲ್ಲಿ ಬಂದು ಊರೂರಿಗೆ ಹಬ್ಬಿದ ಟಾಟಾ ಏಸ್‌ನಲ್ಲಿ, ಅಶೋಕ್ ಲೇಲ್ಯಾಂಡ್ ದೋಸ್ತ್‌ನಲ್ಲಿ, ಮಾರುತಿ ಸೂಪರ್ ಕ್ಯಾರಿಯಲ್ಲಿ ಎಂಜಿನ್ ಇರುವುದೇ ಸೀಟಿನ ಅಡಿಯಲ್ಲಿ. ಅಲ್ಲಿ ಸೀಟಿನ ಬುಡಕ್ಕೆ ಸಿಲಿಂಡರ್ ತುರುಕುವುದೆಂದರೆ ಬೆಂಕಿ ಏಳುವ ಜಾಗದ ನೆತ್ತಿಯ ಮೇಲೇ ಅದನ್ನು ಕೂರಿಸಿದಂತೆ. ಹೊಗೆ ಕಾಣಿಸಿದ ತಕ್ಷಣ ಚಾಲಕ ಮಾಡುವ ಮೊದಲ ಕೆಲಸ ಕೆಳಗೆ ಜಿಗಿಯುವುದು. ಜಿಗಿದ ಮೇಲೆ ಉರಿಯುವ ಸೀಟಿನತ್ತ ಕೈ ಚಾಚು ಎಂದು ಯಾರಿಗೆ ಹೇಳುವುದು?

ನನ್ನ ಲೆಕ್ಕದಲ್ಲಿ ಸರಿಯಾದ ಜಾಗಕ್ಕೆ ಒಂದೇ ಪರೀಕ್ಷೆ. ಚಾಲಕ ಇಳಿದು ರಸ್ತೆಯ ಮೇಲೆ ನಿಂತು, ತೆರೆದ ಬಾಗಿಲಿನಿಂದ ಒಂದು ಕೈ ಒಳಗೆ ಹಾಕಿದರೆ ಅದು ಸಿಗಬೇಕು. ನಮ್ಮ ಗಾಡಿಗಳಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಬಲಬಾಗಿಲಿಗೂ ಸೀಟಿಗೂ ನಡುವಿನ ಜಾಗ, ಅಥವಾ ಸೀಟಿನ ಹಿಂದಿನ ಗೋಡೆಯ ಬಲಮೂಲೆ ಇದಕ್ಕೆ ಒಗ್ಗುತ್ತದೆ. ಹತ್ತುವಾಗ ಮೊಣಕಾಲಿಗೆ ತಾಗಬಾರದು, ಗೇರು ಹ್ಯಾಂಡ್‌ಬ್ರೇಕಿಗೆ ಅಡ್ಡ ಬರಬಾರದು. ಡ್ಯಾಶ್‌ಬೋರ್ಡ್ ಬೇಡವೇ ಬೇಡ. ಪುಡಿಯ ಸಿಲಿಂಡರ್‌ಗಳನ್ನು ಸಾಮಾನ್ಯವಾಗಿ 55 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ತಕ್ಕಂತೆ ಮಾಡಿರುತ್ತಾರೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ.

ಬಿಗಿಯುವ ಬಗೆಯಲ್ಲಿ ನಮ್ಮವರ ಜುಗ್ಗತನ ಎದ್ದು ಕಾಣುತ್ತದೆ. ಸಿಲಿಂಡರ್ ಜೊತೆ ಬರುವ ತೆಳು ಕ್ಲಿಪ್ಪು ಗೋಡೆಗೆ ನೇತುಹಾಕಲು ಮಾಡಿದ್ದು, ಹಂಪು ಹಾರುವ ಗಾಡಿಗಲ್ಲ. ಒಂದು ಕೆ.ಜಿ.ಯ ಸಿಲಿಂಡರ್ ಪುಡಿ, ಉಕ್ಕು ಎಲ್ಲ ಸೇರಿ ಎರಡು ಕೆ.ಜಿ.ಯ ಹತ್ತಿರ ತೂಗುತ್ತದೆ. ಅಷ್ಟು ಭಾರ ಕಳಚಿ ಉರುಳಿ ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಕೊಂಡರೆ, ಬೆಂಕಿಗೆಂದು ತಂದದ್ದೇ ಅಪಘಾತಕ್ಕೆ ಕಾರಣ. ಉಕ್ಕಿನ ತೊಟ್ಟಿಲು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೋಹದ ಪಟ್ಟಿ, ಎರಡು ಬೋಲ್ಟು, ಹಿಂದೆ ಅಗಲವಾದ ವಾಷರ್, ಅಲುಗಾಟಕ್ಕೆ ಸಡಿಲವಾಗದ ಲಾಕ್‌ನಟ್ ಇಷ್ಟು ಬೇಕು. ಬೋಲ್ಟು ಹಿಡಿಯಬೇಕಾದ್ದು ಬಾಡಿಯ ತಗಡನ್ನು, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನಲ್ಲ. ಡ್ರಿಲ್ ಹಾಕುವ ಮೊದಲು ಆ ತಗಡಿನ ಹಿಂದೆ ವೈರಿನ ಕಟ್ಟೋ ಡೀಸೆಲ್ ಪೈಪೋ ಇದೆಯೇ ಎಂದು ನೋಡದ ಮೆಕ್ಯಾನಿಕ್ ಕೈಗೆ ಈ ಕೆಲಸ ಕೊಡಬಾರದು.

ಆಯ್ಕೆ ಇದಕ್ಕಿಂತ ಸರಳ. ಐಎಸ್ 15683 ಎಂದು ನಮೂದಿಸಿರುವ, ಐಎಸ್‌ಐ ಗುರುತಿರುವ, ಒತ್ತಡ ತೋರಿಸುವ ಮುಳ್ಳಿರುವ ಎಬಿಸಿ ಪುಡಿಯ ಸಿಲಿಂಡರ್ ಸಾಕು. ‘ಬಿ.ಸಿ.’ ಎಂದಷ್ಟೇ ಬರೆದ ಪುಡಿ ಡೀಸೆಲ್ ಬೆಂಕಿಗೆ ಆಗುತ್ತದೆ. ಸೀಟು, ಹಗ್ಗ, ಗೋಣಿ ಹತ್ತಿಕೊಂಡರೆ ಆಗುವುದಿಲ್ಲ. ಎಬಿಸಿಯಲ್ಲಿರುವ ಮೋನೋ ಅಮೋನಿಯಂ ಫಾಸ್ಫೇಟ್ ಕರಗಿ, ಉರಿಯುವ ವಸ್ತುವಿನ ಮೇಲೆ ಪದರ ಕಟ್ಟುತ್ತದೆ. ಲೇಬಲ್ಲಿನಲ್ಲಿ ಎಂಎಪಿ 50, ಎಂಎಪಿ 90 ಎಂದಿರುವುದು ಅದರ ಶೇಕಡಾವಾರು ಪ್ರಮಾಣ, ಹೆಚ್ಚಿದ್ದಷ್ಟೂ ಮೇಲು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ವಿದ್ಯುತ್ ಬೆಂಕಿಗೆ ಚೆನ್ನ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ, ಆದರೆ ಬಯಲು ಗಾಳಿಯಲ್ಲಿ ಅನಿಲ ನಿಲ್ಲುವುದಿಲ್ಲ, ಸಿಲಿಂಡರೂ ವಿಪರೀತ ಭಾರ. ಹಾಲೋಜನ್ ದೀಪ, ಹಾರ್ನು, ಹಾಡಿನ ಪೆಟ್ಟಿಗೆ ಎಂದು ಫ್ಯೂಸಿಲ್ಲದೆ ವೈರು ಎಳೆದುಕೊಂಡ ಗಾಡಿಗಳಲ್ಲಿ ಪುಡಿ ಹೊಡೆದು ಆರಿಸಿದ ಬೆಂಕಿ ಮತ್ತೆ ಏಳುತ್ತದೆ, ಬ್ಯಾಟರಿ ಇನ್ನೂ ಕರೆಂಟು ತಳ್ಳುತ್ತಲೇ ಇರುತ್ತದಲ್ಲ. ಅಲ್ಲಿ ಸಿಲಿಂಡರಿನ ಜೊತೆಗೆ ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಸುವುದೇ ಜಾಣತನ. ಇನ್ನೊಂದು: ಗುಂಡಿಗಳ ರಸ್ತೆಯ ಕುಲುಕಾಟಕ್ಕೆ ಪುಡಿ ತಳಕ್ಕಿಳಿದು ಗಟ್ಟಿಯಾಗುತ್ತದೆ. ಮುಳ್ಳು ಹಸಿರಿನಲ್ಲೇ ಇರುತ್ತದೆ, ಒತ್ತಿದರೆ ಗಾಳಿ ಬರುತ್ತದೆ, ಪುಡಿ ಬರುವುದಿಲ್ಲ. ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ತಟ್ಟಿದರೆ ಸಡಿಲವಾಗುತ್ತದೆ.

ಆರಿಸಲು ಹೋಗಬಾರದ ಬೆಂಕಿಗಳೂ ಇವೆ. ಇದನ್ನು ಮಾರುವವರು ಹೇಳುವುದಿಲ್ಲ. ಸಿಎನ್‌ಜಿ ಗಾಡಿಯಲ್ಲಿ ಅನಿಲ ಸೋರುತ್ತಾ ಉರಿಯುತ್ತಿದ್ದರೆ ಮೊದಲು ವಾಲ್ವು ಮುಚ್ಚಬೇಕು. ಸೋರಿಕೆ ನಿಲ್ಲಿಸದೆ ಜ್ವಾಲೆಯನ್ನಷ್ಟೇ ನಂದಿಸಿದರೆ ಅನಿಲ ಸುತ್ತ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ವಾಲ್ವಿನ ಹತ್ತಿರ ಹೋಗಲಾಗದಿದ್ದರೆ ದೂರ ಓಡುವುದೇ ಸರಿ. ಏಸ್ ಇವಿಯಂಥ ಬ್ಯಾಟರಿ ಗಾಡಿಗಳ ವಿಷಯ ಇನ್ನೂ ಬೇರೆ. ಲಿಥಿಯಂ ಸೆಲ್ಲುಗಳು ಒಳಗೊಳಗೇ ಕಾದು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಿರುವಾಗ ಪುಡಿ ಅವನ್ನು ತಣ್ಣಗಾಗಿಸುವುದಿಲ್ಲ. ಬೇಕಾಗುವುದು ಧಾರಾಳ ನೀರು, ಅಂದರೆ ಅಗ್ನಿಶಾಮಕ ದಳ. ಹಾಗೆಂದು ಆ ಗಾಡಿಗಳಲ್ಲಿ ಸಿಲಿಂಡರ್ ಬೇಡವೆಂದಲ್ಲ. ಸೀಟು, ವೈರು, ಸರಕಿಗೆ ಹತ್ತುವ ಬೆಂಕಿಗೆ ಅದೇ ಬೇಕು.

ಸರಕಿನ ಬೆಂಕಿಯಲ್ಲೂ ಮಿತಿ ತಿಳಿದಿರಬೇಕು. ಒಣಹುಲ್ಲು ಹೇರಿದ ಗಾಡಿ ಜೋತುಬಿದ್ದ ಕರೆಂಟು ತಂತಿಗೆ ತಾಗಿ ಉರಿಯುವ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಆ ಹೊರೆಯೊಳಗೆ ಪುಡಿ ಇಳಿಯುವುದೇ ಇಲ್ಲ. 2022ರ ಜನವರಿಯಲ್ಲಿ ಕೇರಳದ ಕೋಡಂಚೇರಿಯಲ್ಲಿ ಹುಲ್ಲಿನ ಲಾರಿ ಪೇಟೆ ಮಧ್ಯೆ ಹತ್ತಿಕೊಂಡಾಗ ಸ್ಥಳೀಯರೊಬ್ಬರು ಅದನ್ನೇರಿ ಮೈದಾನಕ್ಕೆ ಓಡಿಸಿ, ಅಂಕುಡೊಂಕಾಗಿ ತಿರುಗಿಸಿ ಉರಿಯುವ ಕಟ್ಟುಗಳನ್ನು ಕೆಳಗೆ ಉದುರಿಸಿದರು. ಎಲ್ಲರೂ ಹಾಗೆ ಮಾಡಬೇಕೆಂದು ಹೇಳುವ ಧೈರ್ಯ ನನಗಿಲ್ಲ. ಪಟಾಕಿಯಂಥ ಸರಕಿನ ಮುಂದೆ ಅಂಥ ಸಾಹಸಕ್ಕೂ ಅವಕಾಶವಿಲ್ಲ: 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯಲ್ಲಿ ವಾಹನದಿಂದ ಪಟಾಕಿ ಇಳಿಸುವಾಗ ಹತ್ತಿದ ಬೆಂಕಿ ಹದಿನಾಲ್ಕಕ್ಕೂ ಹೆಚ್ಚು ಜೀವ ತೆಗೆಯಿತು.

ಇಷ್ಟನ್ನೂ ಚಾಲಕನೊಬ್ಬನೇ ತಿಳಿದು, ಖರ್ಚು ಮಾಡಿ, ಬಿಗಿಸಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಗಾಡಿ ಬಹುಪಾಲು ಸಾಲದ್ದು, ದಿನದ ಬಾಡಿಗೆಯಲ್ಲಿ ಕಂತು ಕಟ್ಟುವವನಿಗೆ ಸಾವಿರ ರೂಪಾಯಿಯ ಸಿಲಿಂಡರಿಗಿಂತ ಟೈರು ಮುಂದೆ ಬರುತ್ತದೆ. ಕಂಪನಿಗಳು ಕ್ಯಾಬಿನ್ ತಯಾರಿಸುವಾಗಲೇ ಬಲಬಾಗಿಲ ಪಕ್ಕ ಎರಡು ಬೋಲ್ಟಿಗೆ ರಂಧ್ರ ಕೊಟ್ಟು ನಟ್ಟು ಬೆಸೆದು ಕೊಟ್ಟರೆ ಡ್ರಿಲ್ಲಿನ ಅಪಾಯವೇ ತಪ್ಪುತ್ತದೆ, ಖರ್ಚೂ ಲೆಕ್ಕಕ್ಕೆ ಬರುವಷ್ಟಿಲ್ಲ. ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೇಗೂ ಆಗುತ್ತದೆ. ಆ ದಿನ ಸಿಲಿಂಡರಿನ ದಿನಾಂಕ ಬರೆದುಕೊಳ್ಳುವುದರ ಜೊತೆಗೆ ಚಾಲಕನನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಆಫ್ ಮಾಡಿ ಇಳಿದು ಸಿಲಿಂಡರ್ ಕೈಗೆ ತೆಗೆದುಕೊಳ್ಳಲು ಹೇಳಬೇಕು, ಎಷ್ಟು ಹೊತ್ತಾಯಿತೆಂದು ನೋಡಬೇಕು. ಪಿನ್ನು ಎಳೆದು, ಗಾಳಿಗೆ ಬೆನ್ನು ಕೊಟ್ಟು, ಬಾನೆಟ್ಟನ್ನು ಪೂರ್ತಿ ಎತ್ತದೆ ಸಂದಿನಿಂದ ಬೆಂಕಿಯ ಬುಡಕ್ಕೆ ಹೊಡೆಯುವುದನ್ನು ಅಲ್ಲೇ ಎರಡು ನಿಮಿಷದಲ್ಲಿ ತೋರಿಸಿಕೊಡಬಹುದು. ಅವಧಿ ಮೀರಿದ ಸಿಲಿಂಡರ್‌ಗಳನ್ನು ಈಗ ಗುಜರಿಗೆ ಹಾಕುತ್ತಾರೆ. ಅವುಗಳಲ್ಲಿ ಒತ್ತಡ ಉಳಿದಿರುವವು ಅಭ್ಯಾಸಕ್ಕೆ ಸಾಕು.