ಯಂತ್ರ ಬರೆಯುವ ಕಾಯಿದೆ ಯಾರ ಕಾಯಿದೆ?

ಕಾಯಿದೆಗಳನ್ನು ಸುಲಭ ಮಾಡುತ್ತೇವೆಂದು ಸರಕಾರಗಳು ಹೊರಟಿವೆ. ಕೃತಕ ಬುದ್ಧಿಮತ್ತೆಯೆಂಬ ಹೊಸ ಯಂತ್ರಕ್ಕೆ ಹಳೆಯ ಕಾಯಿದೆಗಳನ್ನೆಲ್ಲ ಉಣಿಸಿದರೆ, ಅದು ಬೇಡದ ಕಲಮುಗಳನ್ನು ಕಿತ್ತು ಹೊಸ ಮಸೂದೆಯನ್ನೇ ಬರೆದುಕೊಡುತ್ತದಂತೆ. ಸಂಯುಕ್ತ ಅರಬ್ ಎಮಿರೇಟ್ಸ್ ಎಂಬ ದೊರೆಗಳ ನಾಡು ಇದಕ್ಕಾಗಿ ಒಂದು ಕಚೇರಿಯನ್ನೇ ತೆರೆಯುವುದಾಗಿ 2025ರ ಏಪ್ರಿಲ್‌ನಲ್ಲಿ ಸಾರಿತು. ಕಾಯಿದೆ ಮಾಡುವ ಅಧಿಕಾರ ಜನರ ಪ್ರತಿನಿಧಿಗಳಿಗಿಲ್ಲದ ನಾಡಿನಲ್ಲಿ ಯಂತ್ರ ಬರೆದರೇನು, ಮಂತ್ರಿ ಬರೆದರೇನು! ಆದರೆ ಅದೇ ಹಾಡನ್ನು ನಮ್ಮ ಆಳರಸರೂ ಗುನುಗುತ್ತಿರುವುದರಿಂದ ನಾವು ಕೇಳಲೇಬೇಕಾಗಿದೆ: ಸುಲಭವೆಂದರೆ ಯಾರಿಗೆ ಸುಲಭ?

ಗಿರಣಿಯ ಬಂಧುಗಳಿಗೆ ಈ ಸುಲಭದ ಪರಿಚಯ ಈಗಾಗಲೇ ಆಗಿದೆ. ಕೇಂದ್ರದ 29 ಕಾರ್ಮಿಕ ಕಾಯಿದೆಗಳನ್ನು ಕುದಿಸಿ 4 ಸಂಹಿತೆಗಳನ್ನಾಗಿ ಇಳಿಸಿದರು. ಅವುಗಳಲ್ಲಿ ಮೂರನ್ನು 2020ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷಗಳು ಸಭೆಯ ಹೊರಗಿದ್ದಾಗ, ಎರಡೇ ದಿನಗಳಲ್ಲಿ ಪಾರ್ಲಿಮೆಂಟಿನಲ್ಲಿ ಮುಗಿಸಿದರು. 2025ರ ನವೆಂಬರ್ 21ರಿಂದ ಅವು ಜಾರಿಯಾದವು. ಪುಟಗಳು ಕಡಿಮೆಯಾದವು, ನಿಜ. ಕೇಂದ್ರದ ಹಳೆಯ ಕಾಯಿದೆಯಂತೆ 100 ಆಳುಗಳಿರುವ ಗಿರಣಿಯನ್ನು ಮುಚ್ಚಲು ಸರಕಾರದ ಅಪ್ಪಣೆ ಬೇಕಿತ್ತು. ಹೊಸದರಂತೆ 300 ಆಳುಗಳಿದ್ದರೆ ಮಾತ್ರ ಬೇಕು. 299 ಜನರನ್ನಿಟ್ಟುಕೊಂಡ ಧಣಿಗೆ ಕಾಯಿದೆ ಬಹಳ ಸುಲಭವಾಯಿತು! ಇದನ್ನು ಮಾಡಿದ್ದು ಯಂತ್ರವಲ್ಲ, ಮನುಷ್ಯರು. ನಾಳೆ ಯಂತ್ರದ ಮುಂದೆ ಕುಳಿತು ‘ತೊಡಕುಗಳನ್ನು ತೆಗೆ’ ಎಂದು ಅಪ್ಪಣೆ ಕೊಡುವವರೂ ಅವರೇ. ನಮ್ಮ ರಕ್ಷಣೆ ಅವರ ಲೆಕ್ಕದಲ್ಲಿ ತೊಡಕು.

ಇನ್‌ಸ್ಪೆಕ್ಟರು ಯಾವ ಗಿರಣಿಗೆ ಹೋಗಬೇಕೆಂದು ಗಣಕಯಂತ್ರ ಚೀಟಿ ಎತ್ತುವ ಪದ್ಧತಿಯನ್ನು ಕೇಂದ್ರ ಸರಕಾರ 2014ರಲ್ಲೇ ತಂದಿತು. ಲಂಚ ತಪ್ಪುತ್ತದೆಂದರು. ಕೈ ಬೆಚ್ಚಗೆ ಮಾಡುವ ಕಥೆ ನಮಗೂ ಗೊತ್ತು, ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಯಂತ್ರಕ್ಕೆ ಕಾಣುವುದು ಧಣಿ ತುಂಬಿ ಕಳಿಸಿದ ಫಾರಮು. ನೂಲುವವನ ಎದೆಯೊಳಗಿನ ಹತ್ತಿಧೂಳು ಅದಕ್ಕೆ ಕಾಣುವುದಿಲ್ಲ.

ಸಣ್ಣ ವ್ಯಾಪಾರಿಗಳಿಗೆ ಯಂತ್ರದ ಬಿಸಿ ತಟ್ಟಿದ್ದು 2025ರ ಜುಲೈನಲ್ಲಿ. ಫೋನಿನ ಮೂಲಕ ಬಂದ ಹಣವನ್ನೆಲ್ಲ ಕೂಡಿ, ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿಯ ಗೆರೆ ದಾಟಿತೆಂದು ವಾಣಿಜ್ಯ ತೆರಿಗೆ ಇಲಾಖೆ ಕರ್ನಾಟಕದ ಅಂಗಡಿಕಾರರಿಗೆ ನೋಟೀಸು ಹೊರಡಿಸಿತು. ತರಕಾರಿ, ಹಾಲು ಮಾರುವವರನ್ನೂ ಬಿಡಲಿಲ್ಲ. ಸೊಪ್ಪಿಗೆ ತೆರಿಗೆಯಿಲ್ಲ, ಭಾವಮೈದುನ ಕೊಟ್ಟ ಕೈಗಡವೂ ಅದೇ ಫೋನಿಗೆ ಬರುತ್ತದೆ. ಕೂಡುವ ಯಂತ್ರಕ್ಕೆ ಇದೆಲ್ಲ ಏನು ಗೊತ್ತು? ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಿದ್ದು, ಬಂದ್ ಕರೆ ಎದ್ದ ಮೇಲೆಯೇ ಹಳೆಯ ಬಾಕಿ ಕೇಳುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಿದರು. ಆಸ್ಟ್ರೇಲಿಯದಲ್ಲೂ ಹೀಗೇ ಆಯಿತು. ಕೂಲಿಕಾರನ ವರ್ಷದ ಗಳಿಕೆಯನ್ನು ಯಂತ್ರ ಸರಾಸರಿ ಹಂಚಿ, ಕೆಲಸವಿಲ್ಲದ ದಿನಗಳ ಭತ್ಯೆಯನ್ನು ಸಾಲವೆಂದು ವಸೂಲಿಗಿಳಿಯಿತು. ಅದು ಕಾನೂನಿಗೆ ವಿರುದ್ಧವೆಂದು 2019ರಲ್ಲಿ ಕೋರ್ಟಿನಲ್ಲಿ ತೀರ್ಮಾನವಾಗುವ ಹೊತ್ತಿಗೆ ಲಕ್ಷಾಂತರ ಬಡವರು ಹಣ ಕಳೆದುಕೊಂಡಿದ್ದರು.

ಯಂತ್ರವೇ ಬೇಡವೆಂದು ನಾವು ಹೇಳುವವರಲ್ಲ. ಯಂತ್ರದ ನಡುವೆಯೇ ಬದುಕುವ ಜನ ನಾವು. 2020ರಲ್ಲಿ ಪರಿಸರ ನಿಯಮಗಳ ಕರಡು ಇಂಗ್ಲಿಷು, ಹಿಂದಿಗಳಲ್ಲಿ ಮಾತ್ರ ಬಂದಾಗ ದೆಹಲಿ ಹೈಕೋರ್ಟು 22 ಭಾಷೆಗಳಲ್ಲಿ ಪ್ರಕಟಿಸಿರೆಂದು ಆಜ್ಞೆ ಮಾಡಿತು. ಕೇಂದ್ರ ಸರಕಾರ ಅದನ್ನು ಪಾಲಿಸುವ ಬದಲು ಸುಪ್ರೀಂ ಕೋರ್ಟಿಗೆ ಓಡಿತು. ಎರಡೇ ವರ್ಷಕ್ಕೆ ಅದೇ ಸರಕಾರ ‘ಭಾಷಿಣಿ’ಯೆಂಬ ತರ್ಜುಮೆಯ ಯಂತ್ರವನ್ನು ಜಂಬದಿಂದ ತೋರಿಸಿತು. ಹಾಗಾದರೆ ಅದನ್ನು ಮೊದಲು ಇಲ್ಲಿ ಹೂಡಲಿ! ಕರಡನ್ನು 30 ದಿನ ಜನರ ಮುಂದಿಡಬೇಕೆಂದು 2014ರಲ್ಲಿ ಕೇಂದ್ರವೇ ನೀತಿ ಮಾಡಿಕೊಂಡಿದೆ. ಆ 30 ದಿನವೂ ಕರಡು ಕನ್ನಡದಲ್ಲಿರಲಿ, ಯಂತ್ರದ ಕನ್ನಡವನ್ನು ಬಲ್ಲವರು ತಿದ್ದಲಿ. ಕಿತ್ತುಹಾಕಿದ ಹಳೆಯ ಕಲಮನ್ನು ಹೊಸದರ ಪಕ್ಕದಲ್ಲೇ ಅಚ್ಚು ಹಾಕಿ ಗಿರಣಿಯ ಬಾಗಿಲಿಗೂ ಸಂತೆಕಟ್ಟೆಗೂ ಅಂಟಿಸಲಿ. ಯಂತ್ರ ಎಬ್ಬಿಸಿದ ಪ್ರತಿ ನೋಟೀಸಿನ ಕೆಳಗೂ, ಅದನ್ನು ಓದಿ ನೋಡಿ ಕಳಿಸಿದ ಅಧಿಕಾರಿಯ ಹೆಸರೂ ರುಜುವೂ ಇರಲಿ.