ಫಲಕದ ಅಳತೆ ಸರಿ, ಬರಹದ ಶುದ್ಧಿ ಯಾರ ಹೊಣೆ?

ಸಂಪಾದಕರಿಗೆ,



ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ, ಹೋಟೆಲು, ಆಸ್ಪತ್ರೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಫಲಕದ ಮೇಲ್ಭಾಗದಲ್ಲಿರಬೇಕು. ನಿಯಮ ಸ್ವಾಗತಾರ್ಹವೇ. ಆದರೆ ಅದು ಅಕ್ಷರಗಳು ಹಿಡಿಯುವ ಜಾಗವನ್ನು ಅಳೆಯುತ್ತದೆಯೇ ಹೊರತು ಅವು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸುವುದಿಲ್ಲವಾದ್ದರಿಂದ, ಮಂಗಳೂರಿನ ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಮೇಲಿನ ಸಾಲಿನ ಕನ್ನಡವೂ ಕೆಳಗಿನ ಸಾಲಿನ ಇಂಗ್ಲಿಷೂ ಒಟ್ಟೊಟ್ಟಿಗೆ ಕೆಟ್ಟಿರುವ ಫಲಕಗಳು ನಿರಾತಂಕವಾಗಿ ನಿಂತಿವೆ.

ಇಂಗ್ಲಿಷಿನಲ್ಲಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಗುರುತು ಅಪಾಸ್ಟ್ರಫಿ, ಅಂದರೆ ಅಕ್ಷರದ ತಲೆಯ ಮಟ್ಟದಲ್ಲಿ ಅಲ್ಪವಿರಾಮದ ಆಕಾರದಲ್ಲಿ ಬರೆಯುವ ಚಿಹ್ನೆ. ಅದು ಒಡೆತನವನ್ನು ಇಲ್ಲವೇ ಅಕ್ಷರಲೋಪವನ್ನು ಸೂಚಿಸುತ್ತದೆ. ಬಹುವಚನಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಮೀಲ್ಸ್, ಜ್ಯೂಸಸ್, ಟೈಲ್ಸ್ ಎಂಬ ಸಾಮಾನ್ಯ ಬಹುವಚನಗಳಲ್ಲಿ ಕೊನೆಯ ಎಸ್ ಅಕ್ಷರದ ಹಿಂದೆ ಅದನ್ನು ಅಂಟಿಸಲಾಗುತ್ತದೆ. ಕನ್ನಡದಲ್ಲಿ ಒಡೆತನಕ್ಕೆ ಷಷ್ಠೀ ವಿಭಕ್ತಿಯೂ ಬಹುವಚನಕ್ಕೆ ‘ಗಳು’ ಪ್ರತ್ಯಯವೂ ಬೇರೆಬೇರೆಯಾಗಿ ಕಿವಿಗೇ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಎರಡೂ ಒಂದೇ ಸದ್ದಾಗಿ, ಭೇದ ಕಣ್ಣಿಗೆ ಮಾತ್ರ ಉಳಿಯುವುದರಿಂದ ಈ ಗೊಂದಲ ಹುಟ್ಟುತ್ತದೆ. ‘ಸ್ಟೇಷನರಿ’ಯ ಸ್ಥಿತಿಯೂ ಇಂಥದೇ. ಕಾಗದ, ಲೇಖನಿಗಳನ್ನು ಸೂಚಿಸುವ ಪದಕ್ಕೂ ನಿಶ್ಚಲ ಎಂಬರ್ಥದ ಪದಕ್ಕೂ ಇಂಗ್ಲಿಷ್ ಬರಹದಲ್ಲಿ ಇ ಮತ್ತು ಎ ಅಕ್ಷರಗಳ ಅಂತರವಷ್ಟೇ ಇದ್ದು, ಪುಸ್ತಕದಂಗಡಿಗಳ ಮೇಲೆ ಎಷ್ಟೋ ಕಡೆ ಎರಡನೆಯದೇ ಕಾಣಿಸುತ್ತದೆ. ಉದ್ಧರಣ ಚಿಹ್ನೆಯ ದುರ್ಬಳಕೆ ಇನ್ನೂ ಹಾನಿಕರ: ಅನ್ಯರ ಮಾತನ್ನು, ಕೆಲವೊಮ್ಮೆ ಬರೆಯುವವನಿಗೇ ಒಪ್ಪಿಗೆಯಿಲ್ಲದ ಮಾತನ್ನು ಪ್ರತ್ಯೇಕಿಸುವ ಆ ಗುರುತನ್ನು ಒತ್ತು ಕೊಡಲೆಂದು ತಾಜಾ ಮೀನಿನ ಫಲಕದಲ್ಲಿ ‘ತಾಜಾ’ ಎಂಬುದರ ಸುತ್ತ ಹಾಕಿದರೆ, ಮೀನಿನ ತಾಜಾತನವೇ ಸಂಶಯಕ್ಕೆ ಒಳಗಾಗುತ್ತದೆ.

ಕನ್ನಡದ ಪಾಡು ಇದಕ್ಕಿಂತ ಮೇಲಲ್ಲ. ಶುಭ ಮತ್ತು ಆಶಯ ಸೇರಿ ಆದ ಶುಭಾಶಯವು ‘ಶುಭಾಷಯ’ವಾಗಿ, ವಿದ್ಯೆಯನ್ನು ಅರಸುವ ವಿದ್ಯಾರ್ಥಿಯು ‘ವಿಧ್ಯಾರ್ಥಿ’ಯಾಗಿ ಶಾಲೆಗಳ ಮುಂದಿನ ಫ್ಲೆಕ್ಸ್‌ಗಳಲ್ಲೇ ಮೆರೆಯುವುದು ಖೇದಕರ.

ಇದು ಮಂಗಳೂರಿನಲ್ಲಿ ನಡೆಯುತ್ತಿರುವುದರಿಂದ ಹೆಚ್ಚು ನೋವಿನ ಸಂಗತಿ. ಓಲೆಗರಿಯ ಬರಹದಲ್ಲಿ ಪದಗಳ ನಡುವೆ ತೆರವಿರಲಿಲ್ಲ, ವಿರಾಮಕ್ಕೆ ಬಹುಮಟ್ಟಿಗೆ ದಂಡವೊಂದೇ ಇತ್ತು; ಇಂದಿನ ಅಲ್ಪವಿರಾಮ, ಪ್ರಶ್ನಾರ್ಥಕ, ಉದ್ಧರಣ ಚಿಹ್ನೆಗಳು ಇಂಗ್ಲಿಷಿನ ಮಾದರಿಯಿಂದ ಮುದ್ರಣದ ಮೂಲಕ ಕನ್ನಡಕ್ಕೆ ಬಂದು ನೆಲೆಗೊಂಡವು. ಆ ಮುದ್ರಣದ ದೊಡ್ಡ ಕೇಂದ್ರಗಳಲ್ಲಿ ಒಂದಾದ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಇದೇ ಊರಿನಲ್ಲಿ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಇಲ್ಲಿಂದಲೇ ಹೊರಟಿತು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಇಲ್ಲೇ ಅಚ್ಚಾಯಿತು. ಅಚ್ಚುಮೊಳೆಯ ಕಾಲದಲ್ಲಿ ಕರಡು ತಿದ್ದುವುದು ಒಂದು ಉದ್ಯೋಗವೇ ಆಗಿತ್ತು. ಈಗ ಗಿರಾಕಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಸಾಲು ಯಾರ ಕಣ್ಣಿಗೂ ಬೀಳದೆ ನೇರವಾಗಿ ಮುದ್ರಣಯಂತ್ರಕ್ಕೆ ಹೋಗುತ್ತದೆ.

ಇಂಗ್ಲೆಂಡಿನಲ್ಲೇ ಅಪಾಸ್ಟ್ರಫಿಯಂಥ ಗುರುತುಗಳನ್ನು ಕೈಬಿಡಲಾಗುತ್ತಿದೆ ಎಂಬ ವಾದವೂ ಉಂಟು. 2009ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ಬೀದಿಫಲಕಗಳಿಂದ ಅಪಾಸ್ಟ್ರಫಿಯನ್ನು ತೆಗೆದುಹಾಕಲು ನಿರ್ಧರಿಸಿದ್ದು ನಿಜ. ಆದರೆ ಚರ್ಚಿಸಿ ಒಂದು ಗುರುತನ್ನು ಬಿಡುವುದಕ್ಕೂ, ಗೊತ್ತಿಲ್ಲದೆ ಎಲ್ಲೆಂದರಲ್ಲಿ ಅದನ್ನು ಹಾಕುವುದಕ್ಕೂ ಹೋಲಿಕೆ ಸಲ್ಲದು.

ಆದಕಾರಣ ಮಹಾನಗರ ಪಾಲಿಕೆಯು ಉದ್ದಿಮೆ ಪರವಾನಗಿ ನೀಡುವಾಗ ಹಾಗೂ ನವೀಕರಿಸುವಾಗ ಫಲಕದ ಅಳತೆಯೊಂದಿಗೆ ಅದರ ಬರಹದ ಕರಡನ್ನೂ ಕೇಳಿ ಪಡೆದು, ದಂಡ ಹಾಕುವ ಬದಲು ತಿದ್ದಿ ಕೊಡುವ ವ್ಯವಸ್ಥೆಯನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ನೆರವಿನಿಂದ ರೂಪಿಸಬೇಕು. ತಿದ್ದಬಲ್ಲ ಕನ್ನಡ ಹಾಗೂ ಇಂಗ್ಲಿಷ್ ಅಧ್ಯಾಪಕರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ನಗರದ ಕಾಲೇಜುಗಳಲ್ಲೂ ಇದ್ದಾರೆ. ಅವರನ್ನು ಕೇಳಿಕೊಳ್ಳುವ ಕೆಲಸವನ್ನು ಪಾಲಿಕೆ ತಡಮಾಡದೆ ಆರಂಭಿಸಬೇಕು.

— ಓದುಗ, ಮಂಗಳೂರು